ಮೋಡ ಕಟ್ಟಿದ ಸಂಜೆ ಸಂಪು ತುಂಬಿಸಬೇಡಿ

ನಾನು ಪ್ಲಂಬರ್. ನಾಗರಭಾವಿ, ವಿಜಯನಗರ, ಚಂದ್ರಾ ಲೇಔಟ್ ಕಡೆ 27 ವರ್ಷದಿಂದ ನಲ್ಲಿ, ಪೈಪು, ಸಂಪು, ಸೋಲಾರ್ ಗೀಸರ್ ಕೆಲಸ ಮಾಡುತ್ತಿದ್ದೇನೆ. ಮುಂದಿನ ಕಾಲದ ಸಿಟಿಗಳು ಹೇಗಿರಬೇಕು, ಹವಾಮಾನ ಬದಲಾವಣೆಗೆ ಬೆಂಗಳೂರು ಏನು ಮಾಡಬೇಕು ಅನ್ನುವ ಮಾತು ಬಂದಾಗ ಮೆಟ್ರೋ, ಎಲೆಕ್ಟ್ರಿಕ್ ಬಸ್ಸು, ಸೋಲಾರ್ ಪ್ಯಾನೆಲ್ ಎಲ್ಲ ಬರುತ್ತವೆ. ಅವೆಲ್ಲ ಬೇಕೇ ಬೇಕು. ತಾರಸಿಯಿಂದ ಮೋರಿಗೆ ಇಳಿಯುವ ನಾಲ್ಕಿಂಚಿನ ಪೈಪಿನ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಆ ಪೈಪು. ಅದನ್ನು ಮೋರಿಯಿಂದ ಬಿಡಿಸಿ ಮನೆಯೊಳಗೆ ತಿರುಗಿಸಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಅದಕ್ಕೂ ಹವಾಮಾನಕ್ಕೂ ಏನು ಸಂಬಂಧ ಅಂತ ನಾನೂ ಕೇಳಿದ್ದೆ. ಲೆಕ್ಕ ಹಾಕಿ ತೋರಿಸಿದವಳು ಡಿಪ್ಲೊಮಾ ಓದುತ್ತಿದ್ದ ನನ್ನ ಮಗಳು.

ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ನದಿ ಕೆಳಗಿದೆ, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಹಾಗಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಕೂರಿಸಿ, ಹೆಚ್ಚುಕಮ್ಮಿ 500 ಮೀಟರ್ ಮೇಲೆತ್ತಿ ತರುತ್ತಾರೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು 1.36 ಯೂನಿಟ್ ಕರೆಂಟು ಬೇಕು. ಅದೂ ಪಂಪಿನಲ್ಲಿ, ಪೈಪಿನಲ್ಲಿ ಒಂದು ಚೂರೂ ಪೋಲಾಗದಿದ್ದರೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ 220 ಕೋಟಿ ಲೀಟರ್ ತರುವಷ್ಟು ವ್ಯವಸ್ಥೆ ಆಗಿದೆ. "ಅಷ್ಟನ್ನೂ ಎತ್ತಿದರೆ ದಿನಕ್ಕೆ ಹತ್ತಿರ ಹತ್ತಿರ 30 ಲಕ್ಷ ಯೂನಿಟ್ ಆಗುತ್ತೆ ಅಪ್ಪಾ" ಅಂದಳು. ನಾನು ಎರಡು ಸಲ ಲೆಕ್ಕ ಹಾಕಿಸಿದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 700 ಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಲೆಕ್ಕ ಹಿಡಿದರೆ ದಿನಕ್ಕೆ ಎರಡು ಸಾವಿರ ಟನ್. ಮುಖ ತೊಳೆಯುವಾಗ ಹರಿದು ಹೋಗುವ ನೀರಿನ ಹಿಂದೆ ಇಷ್ಟು ಇದೆ ಅಂತ ನನಗೆ ಅವತ್ತಿನ ತನಕ ಹೊಳೆದಿರಲಿಲ್ಲ.

ಮಳೆ ನೀರನ್ನು ಯಾರೂ ಪಂಪ್ ಮಾಡಬೇಕಾಗಿಲ್ಲ. ಅದು ನೇರವಾಗಿ ನಮ್ಮ ತಾರಸಿಗೇ ಬಂದು ಇಳಿಯುತ್ತದೆ. ಅದನ್ನು ನಾವು ಮೋರಿಗೆ ಬಿಡುತ್ತೇವೆ.

ಇನ್ನೊಂದು ಕಾರಣ ನಾವೆಲ್ಲ ಕಣ್ಣಾರೆ ಕಂಡಿದ್ದು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಒಣಗಿ ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿತ್ತು. ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಅದೇ ವರ್ಷ ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಬಿತ್ತು. 800 ಚದರ ಅಡಿ ತಾರಸಿ ಇರುವ ಒಂದು ಮನೆ ಮೇಲೆ ಅವತ್ತು ಬಿದ್ದಿದ್ದು 8,000 ಲೀಟರಿಗೂ ಜಾಸ್ತಿ. ಒಂದು ರಸ್ತೆಯಲ್ಲಿ 30 ಮನೆ ಇದ್ದರೆ ಎರಡೂವರೆ ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಲವತ್ತು ಟ್ಯಾಂಕರ್ ನೀರನ್ನು ಆ ರಸ್ತೆ ಒಂದೇ ದಿನ ಮೋರಿಗೆ ಸುರಿಯಿತು. ಮಾರ್ಚಿನಲ್ಲಿ ದುಡ್ಡು ಕೊಟ್ಟು ತರಿಸಿಕೊಂಡವರೂ ಅದೇ ರಸ್ತೆಯವರು, ಅಲ್ವಾ? ಆ ನೀರು ತಗ್ಗಿನಲ್ಲಿರುವ ಯಾರದೋ ಮನೆಗೆ ನುಗ್ಗಿರುತ್ತದೆ. ಭೂಮಿ ಬಿಸಿಯಾದಂತೆ ಮಳೆ ಹೀಗೆ ಒಂದೇ ಸಲ ಹೊಯ್ದು ಹೋಗುವುದು ಹೆಚ್ಚುತ್ತದೆ, ನಡುವೆ ಬಿಸಿಲೂ ಹೆಚ್ಚುತ್ತದೆ. ಎರಡಕ್ಕೂ ಒಂದೇ ಕೆಲಸದಲ್ಲಿ ತಯಾರಾಗಬಹುದು ಅನ್ನುವುದು ನನ್ನ ನಂಬಿಕೆ.

ತಾರಸಿಯಿಂದ ಶುರು ಮಾಡಿ

ಮೊದಲು ನಿಮ್ಮ ತಾರಸಿ ಅಳೆಯಿರಿ. ಉದ್ದ, ಅಗಲ ಗುಣಿಸಿ ಚದರ ಅಡಿ ತೆಗೆಯಿರಿ. ಅದನ್ನು 75ರಿಂದ ಗುಣಿಸಿ. ವರ್ಷಕ್ಕೆ ಅಷ್ಟು ಲೀಟರ್ ನೀರು ಹಿಡಿಯಬಹುದು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಬರುತ್ತದೆ, ಆವಿಯಾಗಿ ಸೋರಿ ಹೋಗುವ ಪಾಲು ಕಳೆದು ನಾನು ಇಟ್ಟುಕೊಂಡಿರುವ ಲೆಕ್ಕ ಇದು. 800 ಚದರ ಅಡಿಗೆ 60,000 ಲೀಟರ್, ಅಂದರೆ ಹತ್ತು ಟ್ಯಾಂಕರ್.

ಯುಗಾದಿ ಮುಗಿದ ತಕ್ಷಣ, ಏಪ್ರಿಲ್ ಮಳೆ ಶುರುವಾಗುವ ಮುಂಚೆ, ತಾರಸಿ ಗುಡಿಸಿ. ಒಡೆದ ಕುಂಡ, ಹಳೆ ಬಾಗಿಲು, ಬಣ್ಣದ ಡಬ್ಬ ಎಲ್ಲ ಕೆಳಗಿಳಿಸಿ. ನೀರು ಇಳಿಯುವ ತೂತಿನ ಹತ್ತಿರ ಕೂತು ನೋಡಿ. ಅಲ್ಲಿ ಎಲೆ, ಪಾರಿವಾಳದ ಪುಕ್ಕ, ದಾರದ ಗಂಟು ಸೇರಿ ಕಪ್ಪಗೆ ರೊಟ್ಟಿ ತರಹ ಮೆತ್ತಿಕೊಂಡಿರುತ್ತದೆ. ಕೈಯಲ್ಲೇ ತೆಗೆಯಬೇಕು, ಕಡ್ಡಿಯಲ್ಲಿ ಚುಚ್ಚಿದರೆ ಪೈಪಿನೊಳಗೆ ಬೀಳುತ್ತದೆ. ತೂತಿಗೆ ಗುಮ್ಮಟದ ಆಕಾರದ ಜಾಲರಿ ಕೂರಿಸಿ. ಚಪ್ಪಟೆ ಜಾಲರಿ ಬೇಡ, ಒಂದು ಬಾದಾಮಿ ಎಲೆ ಬಿದ್ದರೂ ಮುಚ್ಚಿಹೋಗುತ್ತದೆ.

ಇಲ್ಲೇ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮಲ್ಲಿ ತುಂಬಾ ಮನೆಗಳಲ್ಲಿ ಬಟ್ಟೆ ಒಗೆಯುವ ಕಲ್ಲು, ವಾಷಿಂಗ್ ಮಷೀನ್ ತಾರಸಿ ಮೇಲೆ ಇರುತ್ತವೆ. ಆ ಸೋಪಿನ ನೀರು ಮಳೆ ಪೈಪಿನಲ್ಲೇ ಇಳಿಯುತ್ತದೆ. ಹಾಗೇ ಬಿಟ್ಟು ಆ ಪೈಪನ್ನು ಸಂಪಿಗೆ ಸೇರಿಸಿದರೆ ಮನೆಯವರಿಗೆಲ್ಲ ಸೋಪು ಕುಡಿಸಿದ ಹಾಗೆ. ಹೋದ ವರ್ಷ ಒಂದು ಮನೆಯಲ್ಲಿ ಬೇರೆ ಯಾರೋ ಮಾಡಿಟ್ಟ ಕೆಲಸ ಸರಿ ಮಾಡಲು ಹೋಗಿದ್ದೆ. ಸಂಪಿನ ಮುಚ್ಚಳ ತೆಗೆದರೆ ಮೇಲೆಲ್ಲ ನೊರೆ. ಮನೆಯಾಕೆ ಮೂರು ತಿಂಗಳಿಂದ ಮಗುವಿಗೆ ಹೊಟ್ಟೆನೋವು ಅಂತ ಅಲೆದಾಡಿದ್ದರು. ಕಾರಣ ಇದೇ ಅಂತ ಹೇಳಲು ನಾನು ಡಾಕ್ಟರ್ ಅಲ್ಲ, ಆದರೆ ಅವತ್ತೇ ಆ ಪೈಪು ಕತ್ತರಿಸಿ ಬೇರೆ ಮಾಡಿದೆ. ಬಟ್ಟೆ ಒಗೆಯುವ ನೀರಿಗೆ ಬೇರೆ ಪೈಪು ಕೊಡಿ. ಅದು ಆಗದಿದ್ದರೆ ಮಳೆ ನೀರು ಹಿಡಿಯುವ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲ ನೀರು ಹೊರಗೆ

ಮಳೆ ಶುರುವಾದಾಗ ಮೊದಲು ಇಳಿಯುವ ನೀರಿನಲ್ಲಿ ದೂಳು, ಹೊಗೆ, ಹಕ್ಕಿ ಹಿಕ್ಕೆ ಎಲ್ಲ ಇರುತ್ತದೆ. ಅದು ಸಂಪಿಗೆ ಬರಬಾರದು. ತಾರಸಿಯಿಂದ ಇಳಿಯುವ ಪೈಪು ಕೆಳಗೆ ಬರುವ ಜಾಗದಲ್ಲಿ ಒಂದು ಟೀ, ಅಂದರೆ ಮೂರು ಬಾಯಿ ಇರುವ ಪೈಪಿನ ತುಂಡು ಹಾಕಿ. ಟೀಯ ಕೆಳಬಾಯಿ ನೇರವಾಗಿ ಮುಚ್ಚಳ ಭದ್ರವಾಗಿರುವ 75ರಿಂದ 100 ಲೀಟರಿನ ಡ್ರಮ್ಮಿಗೆ ಹೋಗಲಿ. ಪಕ್ಕದ ಬಾಯಿ ಫಿಲ್ಟರಿಗೆ ಹೋಗಲಿ. ಮೊದಲ ಕೊಳೆ ನೀರು ಡ್ರಮ್ಮು ತುಂಬಿಸುತ್ತದೆ. ಡ್ರಮ್ಮು ತುಂಬಿದ ಮೇಲೆ ನೀರು ಕೆಳಗೆ ಜಾಗವಿಲ್ಲದೆ ಪಕ್ಕಕ್ಕೆ ತಿರುಗುತ್ತದೆ. ಡ್ರಮ್ಮಿನ ತಳದಲ್ಲಿ ಒಂದು ನಲ್ಲಿ ಇಟ್ಟು, ಹನಿ ಹನಿಯಾಗಿ ಸೋರುವಷ್ಟು ತೆರೆದಿಡಿ. ಮಾರನೇ ಮಳೆ ಹೊತ್ತಿಗೆ ಖಾಲಿಯಾಗಿರುತ್ತದೆ. ಆ ನೀರು ಗಿಡಕ್ಕೆ ಸಾಕು.

ಡ್ರಮ್ಮಿಗೆ ಜಾಗ ಇಲ್ಲದವರು ಅಲ್ಲಿ ಒಂದು ಬಾಲ್ ವಾಲ್ವ್ ಹಾಕಿಸಿಕೊಳ್ಳಿ. ಮೊದಲ ಹತ್ತು ನಿಮಿಷ ತೆರೆದು ಹೊರಗೆ ಬಿಡಿ, ಆಮೇಲೆ ಮುಚ್ಚಿ. ಮನೆಯಲ್ಲಿ ಯಾರಾದರೂ ಇರಬೇಕು, ಅಷ್ಟೇ.

ಫಿಲ್ಟರಿಗೆ ಅಂಗಡಿಯಲ್ಲಿ ಸಿಗುವ ರೆಡಿ ಡಬ್ಬ ಹಾಕಬಹುದು. ನಾನು 200 ಲೀಟರಿನ ಡ್ರಮ್ಮಿನಲ್ಲೇ ಮಾಡಿಕೊಡುತ್ತೇನೆ. ತಳದಲ್ಲಿ 40 ಎಂಎಂ ಜಲ್ಲಿ, ಅದರ ಮೇಲೆ 20 ಎಂಎಂ ಜಲ್ಲಿ, ಮೇಲೆ ನೈಲಾನ್ ಬಲೆ, ಅದರ ಮೇಲೆ ದಪ್ಪ ಮರಳು, ಮತ್ತೆ ಬಲೆ. ಈಗ ಎಲ್ಲೆಡೆ ಸಿಗುವುದು ಕಲ್ಲು ಪುಡಿ ಮಾಡಿ ತಯಾರಿಸುವ ಎಂ ಸ್ಯಾಂಡ್. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಬಾಂಡ್ಲಿಯಲ್ಲಿ ಹಾಕಿ, ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ತೊಳೆಯದೆ ಹಾಕಿದರೆ ಎರಡನೇ ಮಳೆಗೇ ಸಿಮೆಂಟಿನ ಹಾಗೆ ಕಟ್ಟಿಕೊಂಡು ನೀರು ಮೇಲಿಂದ ಚೆಲ್ಲುತ್ತದೆ.

ಸಂಪಿನಲ್ಲಿ ಜಾಗ ಇರಲಿ

ಈಗ ತಲೆಬರಹಕ್ಕೆ ಬಂದೆ. ಪೈಪು, ಡ್ರಮ್ಮು, ಫಿಲ್ಟರ್ ಎಲ್ಲ ಚೆನ್ನಾಗಿ ಮಾಡಿಸಿಕೊಂಡವರೂ "ಏನಪ್ಪಾ, ಮಳೆ ನೀರು ಸಿಗ್ತಾನೇ ಇಲ್ಲ" ಅಂತ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ತೊಂದರೆ ಪೈಪಿನಲ್ಲಿ ಇರುವುದಿಲ್ಲ. ಬೆಳಗಿನ ಜಾವ ಕಾವೇರಿ ನೀರು ಬಂದು ಸಂಪು ಕುತ್ತಿಗೆ ತನಕ ತುಂಬಿರುತ್ತದೆ. ಸಂಜೆ ಮಳೆ ಬಂದಾಗ ನೀರಿಗೆ ನಿಲ್ಲಲು ಜಾಗವೇ ಇಲ್ಲ.

ನಮ್ಮೂರಿನ ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ, ಸಂಜೆ. ಮೇ ತಿಂಗಳಲ್ಲಿ ಒಂದಷ್ಟು, ಆಮೇಲೆ ಆಗಸ್ಟಿನಿಂದ ಅಕ್ಟೋಬರ್ ತನಕ ಜೋರು, ಸೆಪ್ಟೆಂಬರಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಈ ತಿಂಗಳುಗಳಲ್ಲಿ ಸಂಪಿನ ಮೂರರಲ್ಲಿ ಒಂದು ಪಾಲು ಖಾಲಿ ಬಿಡಿ. 6,000 ಲೀಟರಿನ ಸಂಪಾದರೆ 2,000 ಲೀಟರ್ ಜಾಗ. 30 ಮಿಲಿಮೀಟರಿನ ಒಂದು ಒಳ್ಳೆ ಸಂಜೆ ಮಳೆ 800 ಚದರ ಅಡಿ ತಾರಸಿಯಿಂದ ಕೊಡುವುದು ಹೆಚ್ಚುಕಮ್ಮಿ ಅಷ್ಟೇ.

ಹೇಗೆ ಬಿಡುವುದು ಅಂದರೆ, ಕಾವೇರಿ ನೀರು ಸಂಪಿಗೆ ಬೀಳುವ ಜಾಗದಲ್ಲಿ, ನೀರು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವನ್ನು ಸ್ವಲ್ಪ ಕೆಳಗಿಳಿಸಿ ಕೂರಿಸಲು ಹೇಳಿ. ಅರ್ಧ ಗಂಟೆ ಕೆಲಸ. ಇನ್ನೂ ಸುಲಭದ್ದು ಅಂದರೆ, ನಾಲ್ಕು ಗಂಟೆ ಹೊತ್ತಿಗೆ ಮೋಡ ಕಟ್ಟಿತು ಅಂತ ಕಂಡರೆ ಮೋಟಾರ್ ಹಾಕಿ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿ. ಹೇಗಿದ್ದರೂ ರಾತ್ರಿ ಏರಿಸುವವರೇ. ನಾಲ್ಕು ತಾಸು ಮುಂಚೆ ಏರಿಸಿದಿರಿ, ಸಾವಿರ ಲೀಟರ್ ಜಾಗ ಸಿಕ್ಕಿತು.

ಈ ನೀರನ್ನು ಕುಡಿಯಲು ಕಾಯಿಸಿ, ಸೋಸಿ ಬಳಸಿ. ಬಟ್ಟೆಗೆ, ಸ್ನಾನಕ್ಕೆ ಇದರಷ್ಟು ಒಳ್ಳೆಯ ನೀರು ಇನ್ನೊಂದಿಲ್ಲ. ಬೋರ್ ನೀರು ಹೋಗುವ ಸೋಲಾರ್ ಗೀಸರ್ ಬಿಚ್ಚಿದಾಗ ಟ್ಯೂಬಿನೊಳಗೆ ಸುಣ್ಣದ ಗಟ್ಟಿ ಕಟ್ಟಿರುತ್ತದೆ, ಸುತ್ತಿಗೆಯಲ್ಲಿ ಕುಟ್ಟಿ ತೆಗೆಯುತ್ತೇನೆ. ಮಳೆ ನೀರು ಹೋಗುವ ಮನೆಗಳಲ್ಲಿ ಅದು ಕಾಣುವುದೇ ಇಲ್ಲ.

ವಿಜಯನಗರದಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1995ರಿಂದ ಮನೆಗೆ ಜಲಮಂಡಳಿ ನೀರೇ ತೆಗೆದುಕೊಳ್ಳದೆ ಮಳೆ ನೀರಿನಲ್ಲೇ ಸಂಸಾರ ನಡೆಸಿದ್ದು ನಿಮಗೂ ಗೊತ್ತಿರಬಹುದು. ನಾವೆಲ್ಲ ಪೂರ್ತಿ ಹಾಗೆ ಮಾಡಲು ಆಗದೆ ಇರಬಹುದು. ವರ್ಷದಲ್ಲಿ ಮೂರು ತಿಂಗಳಾದರೂ ಕಾವೇರಿ ವಾಲ್ವ್ ಮುಚ್ಚಿಡಬಹುದು. ಮುಚ್ಚಿಟ್ಟ ಮನೆಗಳು ನನ್ನ ಕೈಯಲ್ಲೇ ಹನ್ನೊಂದು ಇವೆ.

ಉಳಿದ ನೀರಿಗೆ ಇಂಗು ಬಾವಿ

ಸಂಪು ತುಂಬಿ ಚೆಲ್ಲುವ ನೀರು ರಸ್ತೆಗೆ ಹೋಗಬಾರದು, ನೆಲಕ್ಕೆ ಹೋಗಬೇಕು. ಮೂರಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗು ಬಾವಿ ಒಂದು ಸಲಕ್ಕೆ 4,000 ಲೀಟರ್ ಹಿಡಿಯುತ್ತದೆ, ಹಿಡಿಯುತ್ತಲೇ ಕುಡಿಯುತ್ತಾ ಇರುತ್ತದೆ. ಗೇಟಿನ ಹತ್ತಿರ ಕಾರು ನಿಲ್ಲಿಸುವ ಜಾಗದ ಕೆಳಗೂ ಮಾಡಬಹುದು, ಮುಚ್ಚಳ ಭಾರ ತಡೆಯುವಂತಿರಬೇಕು.

ಇದನ್ನು ಜೆಸಿಬಿ ತರಿಸಿ ಮಾಡಬೇಡಿ. ಬಾವಿ ತೋಡುವುದನ್ನೇ ತಲೆತಲಾಂತರದಿಂದ ಮಾಡಿಕೊಂಡು ಬಂದ ಮಣ್ಣು ಒಡ್ಡರು ಇದ್ದಾರೆ, ಅವರನ್ನು ಕರೆಯಿರಿ. ನನ್ನ ಜೊತೆ ಬರುವ ಯಜಮಾನರು ಮೊದಲ ದಿನ ಎರಡಡಿ ತೋಡಿ, ಒಂದು ಹಿಡಿ ಮಣ್ಣು ತೆಗೆದು, ಉಗುಳು ಹಾಕಿ ಅಂಗೈಯಲ್ಲಿ ತಿಕ್ಕುತ್ತಾರೆ. ಅಂಟಿದರೆ ಜೇಡಿ, "ಇದು ಕುಡಿಯಲ್ಲ, ಇನ್ನೂ ಕೆಳಗೆ ಹೋಗೋಣ" ಅನ್ನುತ್ತಾರೆ. ಹತ್ತು ಹನ್ನೆರಡು ಅಡಿ ಹೋದ ಮೇಲೆ ಮಣ್ಣು ಸಕ್ಕರೆಯ ಹಾಗೆ ಪುಡಿ ಪುಡಿಯಾಗಿ ಬರಲು ಶುರುವಾಗುತ್ತದೆ. ಆಗ ಮೇಲೆ ನೋಡಿ ತಲೆ ಆಡಿಸುತ್ತಾರೆ. ನೀರು ಇಂಗುವುದು ಆ ಪದರದಲ್ಲಿ. ಯಾವ ಯಂತ್ರಕ್ಕೂ ಅದು ತಿಳಿಯುವುದಿಲ್ಲ.

ಒಳಗೆ ಒಂದಡಿ ಎತ್ತರದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಕೂರಿಸಬೇಕು. ಸಂದಿಗೆ ಸಿಮೆಂಟ್ ಹಾಕಬಾರದು. ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಬೇಕು. ತಳಕ್ಕೆ ಕಾಂಕ್ರೀಟ್ ಬೇಡವೇ ಬೇಡ. ಇಷ್ಟು ವರ್ಷದಲ್ಲಿ ತಳಕ್ಕೆ ಕಾಂಕ್ರೀಟ್ ಹಾಕಿದ ಮೂರು ಇಂಗು ಬಾವಿ ನೋಡಿದ್ದೇನೆ. ಅವು ಬಾವಿಯಲ್ಲ, ಇನ್ನೊಂದು ಸಂಪು, ಸೊಳ್ಳೆ ಸಾಕಲು ಮಾತ್ರ ಸರಿ. ಹೋದ ವರ್ಷ ನಾವು ಮಾಡಿದ ಒಂದು ಬಾವಿಗೆ ರಿಂಗು, ಕೂಲಿ, ಮುಚ್ಚಳ ಸೇರಿ 40 ಸಾವಿರದ ಹತ್ತಿರ ಆಯಿತು.

ಬಾವಿಗೆ ಮುಂಚೆ ಹೂಳು ತೊಟ್ಟಿ ಇರಲೇಬೇಕು. ಎರಡಡಿ ಉದ್ದ, ಎರಡಡಿ ಅಗಲದ ಸಣ್ಣ ಇಟ್ಟಿಗೆ ತೊಟ್ಟಿ. ನೀರು ಅಲ್ಲಿ ಒಂದು ಕ್ಷಣ ನಿಂತು ಮಣ್ಣು ಕೆಳಗೆ ಬಿಟ್ಟು ಮುಂದೆ ಹೋಗುತ್ತದೆ. ಇದನ್ನು ನಾನು ಕಲಿತಿದ್ದು ತಪ್ಪು ಮಾಡಿ. ನಾನು ಮಾಡಿಕೊಟ್ಟ ಮೊದಲ ಬಾವಿಗೆ ದುಡ್ಡು ಉಳಿಯಲಿ ಅಂತ ತೊಟ್ಟಿ ಕಟ್ಟಿರಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ತಳದಲ್ಲಿ ಒಂದೂವರೆ ಅಡಿ ನುಣ್ಣನೆ ಕೆಸರು ಕೂತು ಬಾವಿ ನೀರು ಕುಡಿಯುವುದನ್ನೇ ನಿಲ್ಲಿಸಿತ್ತು. ಯಜಮಾನರು ಮತ್ತೆ ಇಳಿದು ಮಂಕರಿಯಲ್ಲಿ ಎತ್ತಿದರು. ನಾನು ಕೂಲಿ ಕೊಟ್ಟೆ, ಮನೆಯವರಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಎಲ್ಲ ಜಾಗಕ್ಕೂ ಇಂಗು ಬಾವಿ ಸರಿಹೋಗುವುದಿಲ್ಲ. ನಿಮ್ಮ ಬಡಾವಣೆ ಹಳೆ ಕೆರೆ ಅಂಗಳದಲ್ಲಿ, ಗದ್ದೆ ಬಯಲಿನಲ್ಲಿ ಎದ್ದಿದ್ದರೆ ಮಳೆಗಾಲದಲ್ಲಿ ಎಂಟು ಹತ್ತು ಅಡಿಗೇ ನೀರು ಇರುತ್ತದೆ, ಮೇಲಿಂದ ಇಂಗಲು ಜಾಗ ಇಲ್ಲ. ಆ ಊರಿನ ಹಳಬರನ್ನು ಕೇಳಿ, ಕೆರೆ ಎಲ್ಲಿತ್ತು ಅಂತ ಕೈ ತೋರಿಸಿ ಹೇಳುತ್ತಾರೆ. ಅಂಥ ಕಡೆ ಸಂಪು ದೊಡ್ಡದು ಮಾಡಿಸಿ. ಇಂಗು ಬಾವಿ ಎಲ್ಲೇ ಮಾಡಿಸಿದರೂ ಒಳಚರಂಡಿ ಮ್ಯಾನ್‌ಹೋಲಿನಿಂದ ಎಷ್ಟಾಗುತ್ತೋ ಅಷ್ಟು ದೂರ ಇರಲಿ. ರಸ್ತೆ ಮೋರಿ ನೀರು, ಪಾತ್ರೆ ತೊಳೆದ ನೀರು ಬಾವಿಗೆ ಬಿಡಬೇಡಿ. ನೆಲದೊಳಗೆ ಹೋದ ಕೊಳೆ ತಿರುಗಿ ಯಾರದೋ ಬೋರಿನಲ್ಲಿ ಬರುತ್ತದೆ.

ಜೀವದ ವಿಷಯ ಒಂದು. ಮುಚ್ಚಿಟ್ಟ ಸಂಪಿಗೆ, ಬಾವಿಗೆ ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಒಳಗೆ ಕೆಟ್ಟ ಗಾಳಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಿಂದಿನ ದಿನವೇ ಮುಚ್ಚಳ ತೆಗೆದಿಟ್ಟು, ಬ್ಲೋವರಿನಲ್ಲಿ ಗಾಳಿ ಊದಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತು ಇಳಿಸಿ. ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಇಳಿಯಬೇಡಿ, ಹಗ್ಗ ಎಳೆಯಿರಿ, 112ಕ್ಕೆ ಫೋನ್ ಮಾಡಿ. ಕಾಪಾಡಲು ಇಳಿದವರೂ ಸತ್ತಿದ್ದಾರೆ.

ಅಪಾರ್ಟ್‌ಮೆಂಟಿನವರು, ಬಾಡಿಗೆಯವರು

ಬಾಡಿಗೆ ಮನೆಯಲ್ಲಿ ಪೈಪು ಮುಟ್ಟಲು ಆಗುವುದಿಲ್ಲ ನಿಜ. ನಲ್ಲಿಗೆ ನೀರಿನ ಜೊತೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಏರೇಟರ್ ಹಾಕಿಕೊಳ್ಳಿ, ಹೋಗುವಾಗ ಬಿಚ್ಚಿಕೊಂಡು ಹೋಗಬಹುದು. ಗೀಸರಿನಿಂದ ಬಿಸಿನೀರು ಬರುವ ತನಕ ತಣ್ಣೀರು ಸುಮ್ನೆ ಬಿಡುತ್ತೀರಲ್ಲ, ಒಂದು ಬಕೆಟ್ ಹಿಡಿಯಿರಿ. ಮೂರನೇ ಮಹಡಿ ಸೋಲಾರಿನಿಂದ ಕೆಳಗಿನ ಬಚ್ಚಲಿಗೆ ಬರುವ ಪೈಪಾದರೆ ಬಕೆಟ್ ಅರ್ಧಕ್ಕೂ ಮೇಲೆ ತುಂಬುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ಮೀಟಿಂಗಿಗೆ ಹೋಗಿ "ನಮ್ಮ ತಾರಸಿ ನೀರು ಎಲ್ಲಿಗೆ ಹೋಗುತ್ತಿದೆ, ತೋರಿಸಿ" ಅಂತ ಕೇಳಿ. ಮಳೆ ನೀರು ಕೊಯ್ಲಿಗೆ 2009ರಿಂದಲೇ ಕಾನೂನು ಇದೆ. ಫೋಟೋಗೆ ಅಂತ ಇಟ್ಟ ಡ್ರಮ್ಮು, ಎಲ್ಲಿಗೂ ಸೇರದ ಪೈಪು ನಾನು ಬೇಕಾದಷ್ಟು ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಾಡಿಸುವ ಮುಂಚೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಕೇಂದ್ರ ಇದೆ, ಒಂದು ಸಲ ಹೋಗಿ ಬನ್ನಿ. ಫಿಲ್ಟರು, ಬಾವಿ ಎಲ್ಲದರ ಮಾದರಿ ಇಟ್ಟಿದ್ದಾರೆ. ನನ್ನಂಥವನ ಮಾತು ಅರ್ಥವಾಗದೆ ಹೋದರೂ ಕಣ್ಣಿಗೆ ಕಂಡರೆ ಅರ್ಥವಾಗುತ್ತದೆ.

2050ಕ್ಕೆ ಇಂಗಾಲದ ಲೆಕ್ಕ ಸೊನ್ನೆಗೆ ತರುತ್ತೇವೆ ಅಂತ ಬೆಂಗಳೂರು 2023ರಲ್ಲೇ ಯೋಜನೆ ಬರೆದಿಟ್ಟಿದೆ. ಆ ಯೋಜನೆಯಲ್ಲಿ ನೀರಿಗೂ ಜಾಗ ಕೊಟ್ಟಿದ್ದಾರೆ. ಅದು ನಡೆಯಬೇಕಾದರೆ ಕೊನೆಗೆ ಯಾರೋ ಒಬ್ಬರು ತಾರಸಿ ಗುಡಿಸಬೇಕು, ಯಾರೋ ಒಬ್ಬರು ಅಂಟು ಹಚ್ಚಿ ಪೈಪು ಕೂರಿಸಬೇಕು.

ಆಮೇಲೆ ನೋಡಿಕೊಳ್ಳುವ ಕೆಲಸ ಇಷ್ಟೇ. ಏಪ್ರಿಲಿನಲ್ಲಿ ಫಿಲ್ಟರಿನ ಮರಳು ತೆಗೆದು ತೊಳೆದು ಹಾಕಿ. ಹೂಳು ತೊಟ್ಟಿಯ ಮಣ್ಣು ಪ್ರತಿ ದೊಡ್ಡ ಮಳೆ ಆದ ಮೇಲೆ ಎತ್ತಿ, ಕುಂಡಕ್ಕೆ ಹಾಕಿ. ಸಂಪಿನ ಮುಚ್ಚಳದಲ್ಲಿ ಬೆಳಕು ನುಗ್ಗುವ ಸಂದಿ ಇದ್ದರೆ ಮುಚ್ಚಿ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ.

ಚಂದ್ರಾ ಲೇಔಟಿನಲ್ಲಿ ಒಬ್ಬ ಅಜ್ಜಿಗೆ ನಾಲ್ಕು ವರ್ಷದ ಹಿಂದೆ ಇದೆಲ್ಲ ಮಾಡಿಕೊಟ್ಟೆ. ಮಂಡಿನೋವು, ತಾರಸಿ ಹತ್ತಲು ಆಗುವುದಿಲ್ಲ, ಪಕ್ಕದ ಮನೆ ಹುಡುಗ ಹತ್ತಿ ಗುಡಿಸಿಕೊಡುತ್ತಾನೆ. ಮೋಟಾರ್ ಸ್ವಿಚ್ಚು, ಕಾವೇರಿ ವಾಲ್ವು ಎರಡೂ ಕೆಳಗೇ ಇವೆ, ಅವನ್ನು ಅಜ್ಜಿ ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಕೆಂಗೇರಿ ಕಡೆ ಕೆಲಸದಲ್ಲಿದ್ದೆ, ಫೋನ್ ಬಂತು. "ಏನಪ್ಪಾ, ಇಲ್ಲಿ ಕಪ್ಪಗೆ ಮೋಡ ಕಟ್ಟಿದೆ. ಮೇಲಕ್ಕೆ ನೀರು ಏರಿಸಿಬಿಟ್ಟೆ, ವಾಲ್ವೂ ಮುಚ್ಚಿದೀನಿ. ನಿಮ್ ಕಡೆ ಹನಿ ಬಿತ್ತಾ?"